ಮದುವೆ ಆಲ್ಬಂ ಕೆಲಸಕ್ಕೆ 32 ಜಿಬಿ ರ‍್ಯಾಮ್: ಒಂದು ಸೀಸನ್ ಮುಗಿದ ಮೇಲೆ

ಲ್ಯಾಪ್‌ಟಾಪಿಗೆ 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್ (ತೆರೆದ ಕೆಲಸವನ್ನು ಇಟ್ಟುಕೊಳ್ಳುವ ಮೆಮೊರಿ) ಹಾಕಿಸಿದೆ. ಇಷ್ಟು ನೆಮ್ಮದಿ ಕೊಟ್ಟ ಖರ್ಚು ಇನ್ನೊಂದಿಲ್ಲ. ಮೊದಲು ಇದ್ದದ್ದು 8. ಫೋಟೋಶಾಪಿಗೆ ಕನಿಷ್ಠ 8, ಆದರೆ 16 ಇರಲಿ ಅಂತ ಅಡೋಬಿಯವರೇ ಹೇಳುತ್ತಾರೆ. ಒಂದೊಂದೇ ಫೋಟೋ ತಿದ್ದುವವರಿಗೆ 16 ಸಾಕು. ಆದರೆ ದಾವಣಗೆರೆಯಲ್ಲಿ ನನ್ನ ಹೊಟ್ಟೆಪಾಡು ಆಲ್ಬಂ. ಅದರ ಲೆಕ್ಕವೇ ಬೇರೆ.

12×36 ಇಂಚಿನ ಶೀಟು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅಂದ್ರೆ 3600×10800, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಶೀಟು ತುಂಬುವ ಒಂದು ಲೇಯರಿಗೆ (ಒಂದರ ಮೇಲೊಂದು ಇಡುವ ಚಿತ್ರದ ಪದರ) 8 ಬಿಟ್‌ನಲ್ಲೇ ಸುಮಾರು 117 ಎಂಬಿ ಬೇಕು. ಹಿಂದೆ ಚಂದ್ರವಳ್ಳಿ ಕೆರೆ, ಮುಂದೆ ಧಾರೆ, ಪಕ್ಕಕ್ಕೆ ಅರಿಶಿನ ಶಾಸ್ತ್ರ, ನೆರಳು, ಹೂವು. ಅಂಥ ದೊಡ್ಡ ಲೇಯರ್ ಹತ್ತಾದರೆ 1 ಜಿಬಿ ದಾಟಿತು. ಮಾಡಿದ್ದನ್ನು ಹಿಂದಕ್ಕೆ ತರೋಕೆ ಉಳಿಸಿಕೊಳ್ಳುವ ಹಿಸ್ಟರಿ ಬೇರೆ ಇರುತ್ತೆ. ಮೆಮೊರಿ ಸಾಲದಿದ್ದರೆ ಫೋಟೋಶಾಪ್ ಸ್ಕ್ರಾಚ್ ಡಿಸ್ಕಿಗೆ, ಅಂದ್ರೆ ರ‍್ಯಾಮಿಗಿಂತ ಬಲು ನಿಧಾನದ ಡಿಸ್ಕಿನ ಜಾಗಕ್ಕೆ, ಇಳಿಯುತ್ತೆ. ಬ್ರಷ್ ಎಳೆದು ಕೈ ತೆಗೆದ ಮೇಲೆ ಗೆರೆ ಕಾಣೋದು ಆಗಲೇ.

ಈಗ ಲೈಟ್‌ರೂಮ್, ಫೋಟೋಶಾಪ್, ಬ್ರೌಸರ್‌ನಲ್ಲಿ ವಾಟ್ಸಾಪ್ ಎಲ್ಲ ಬೆಳಗ್ಗೆಯೇ ತೆರೆದು ಸಂಜೆವರೆಗೂ ಹಾಗೇ ಬಿಡ್ತೀನಿ. ಮದುವೆ ಮನೆಯವರು ಬಂದು ಪಕ್ಕದಲ್ಲೇ ಕೂರುತ್ತಾರೆ. ಮಂಡಕ್ಕಿ-ಮೆಣಸಿನಕಾಯಿ ಬರುತ್ತೆ. "ನಮ್ಮಕ್ಕನ ಫೋಟೋ ಸಣ್ಣದಾಗೇತಿ, ಸ್ವಲ್ಪ ದೊಡ್ಡದು ಮಾಡ್ರಿ" ಅಂದ ಕೂಡಲೇ ಆ ಶೀಟಿಗೆ ಹಾರಿ, ದೊಡ್ಡದು ಮಾಡಿ, ಮೊದಲಿನ ಶೀಟಿಗೆ ವಾಪಸ್ ಬರ್ತೀನಿ. ಅವರ ಮುಖ ಅರಳೋದನ್ನು ನೋಡೋಕೆ ಬಲು ಖುಷಿ.

ಆದರೆ ಒಂದು ವಿಷಯಕ್ಕೆ ಸಿಟ್ಟಿದೆ. ಅಂಗಡಿಯವರು "ಎಲ್ಲಾ ಫಾಸ್ಟ್ ಆಗುತ್ತೆ ಸಾರ್" ಅಂದಿದ್ದರು. ಆರತಕ್ಷತೆಯ ಮಬ್ಬು ಬೆಳಕಲ್ಲಿ ತೆಗೆದ ರಾ ಫೈಲಿಗೆ (ಕ್ಯಾಮೆರಾದ ಕಚ್ಚಾ ಫೈಲು) ಲೈಟ್‌ರೂಮಿನ ಎಐ ಡಿನಾಯ್ಸ್ (ಫೋಟೋದ ಕಾಳುಕಾಳು ತೆಗೆಯೋದು) ಹಾಕಿದರೆ ಮೊದಲಿನಷ್ಟೇ ನಿಧಾನ. ಅದಕ್ಕೆ ಬೇಕಿರೋದು ಗ್ರಾಫಿಕ್ಸ್ ಕಾರ್ಡು, ಅದರದ್ದೇ ಮೆಮೊರಿ. ಸಾಲ ಮಾಡಿ ಸ್ಟುಡಿಯೋ ಇಟ್ಟ ಹುಡುಗರಿಗೆ ಇದನ್ನು ಹೇಳದೆ ರ‍್ಯಾಮ್ ಮಾರೋದು ಸರಿಯಲ್ಲ.

ಕೊಳ್ಳುವ ಮೊದಲು ನಿಮ್ಮ ಮಾಮೂಲಿ ಕೆಲಸ ತೆರೆದಿಟ್ಟು ವಿಂಡೋಸಿನ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಅದು ಸದಾ ತುಂಬಿ ತುಳುಕುತ್ತಿದ್ದರೆ ಮಾತ್ರ ಹಣ ಹಾಕಿ. ರ‍್ಯಾಮ್ ಕೂರಿಸುವ ಸ್ಲಾಟ್ ಎಷ್ಟಿವೆ ಅನ್ನೋದೂ ಸಾಮಾನ್ಯವಾಗಿ ಅಲ್ಲೇ ಕಾಣುತ್ತೆ. ತೆಳ್ಳನೆಯ ಲ್ಯಾಪ್‌ಟಾಪ್ ಎಷ್ಟೋ ಕಡೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಸೇರಿಸೋಕೆ ಆಗಲ್ಲ. ನನ್ನ ಕೆಲಸಕ್ಕೆ 64 ಬೇಡ. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡ್ತಿದ್ದೀನಿ.