ಮಾದಾಪುರದ ತೋಡಿಗೆ ಜಪಾನಿನ ಗಾಳ: ಟೆಂಕರಾ ಕೋಲು ಹೇಗಿದೆ?

ಕೊಡಗಿನ ಸಣ್ಣ ತೋಡುಗಳಲ್ಲಿ ಗಾಳ ಹಾಕುವವರಿಗೆ ಟೆಂಕರಾ ಕೋಲಿಗಿಂತ ಹೊಂದುವ ಸಾಧನವನ್ನು ನಾನು ಕಂಡಿಲ್ಲ. ಆದರೆ ಮಾರುವವರು ಮೊದಲು ತೋರಿಸುವ ಹನ್ನೆರಡು ಅಡಿಯ ಕೋಲನ್ನು ಕೊಳ್ಳಬೇಡಿ. ನಮ್ಮ ತೋಡುಗಳ ಮೇಲೆ ಅದನ್ನು ಬೀಸುವಷ್ಟು ಆಕಾಶವೇ ಇರುವುದಿಲ್ಲ. ಒಂಬತ್ತು ಅಡಿಯದು ಸಾಕು. ನನ್ನದೂ ಅಷ್ಟೇ ಉದ್ದದ್ದು.

ಟೆಂಕರಾ ಜಪಾನಿನ ಮಲೆನಾಡಿನವರ ಪದ್ಧತಿ. ಇದರಲ್ಲಿ ದಾರ ಸುತ್ತುವ ರೀಲ್ ಇಲ್ಲ. ಕೋಲಿನ ತುದಿಯಲ್ಲಿ ಚಿಕ್ಕ ಹೆಣೆದ ದಾರ, ಅದಕ್ಕೆ ಹೆಚ್ಚುಕಡಿಮೆ ಕೋಲಿನಷ್ಟೇ ಉದ್ದದ ಎಳೆ, ಎಳೆಯ ಕೊನೆಗೆ ಗರಿ ಸುತ್ತಿದ ಕೊಕ್ಕೆ. ನಮ್ಮ ಅಜ್ಜಂದಿರ ವಾಟೆ ಬಿದಿರಿನ ಗಾಳಕ್ಕೆ ಇದು ದಾಯಾದಿ ಎನ್ನಬಹುದು. ಕಾರ್ಬನ್ ಫೈಬರಿನದಾದ್ದರಿಂದ ನೂರು ಗ್ರಾಂ ಕೂಡ ತೂಗುವುದಿಲ್ಲ. ತುಂಡುಗಳನ್ನು ಒಂದರೊಳಗೊಂದು ಸೇರಿಸಿದರೆ ಮೊಳದುದ್ದವಾಗಿ ಕೈಚೀಲಕ್ಕೆ ಇಳಿಯುತ್ತದೆ. ನೋಯುವ ಭುಜ ಹೊತ್ತು ತಿರುಗುವ ನನಗೆ ಈ ಹಗುರ ದೊಡ್ಡ ಉಪಕಾರ.

ಜಪಾನಿನಲ್ಲಿ ಈ ಕೋಲು ಹುಟ್ಟಿದ್ದು ಅಲ್ಲಿಯದೇ, ತಣ್ಣೀರಿನ ಟ್ರೌಟ್ ಬಗೆಯ ಮೀನುಗಳಾದ ಯಮಮೆ, ಅಮಾಗೊ, ಇವಾನಗಳಿಗಾಗಿ. ಯಮಮೆ ಮತ್ತು ಅಮಾಗೊ ಒಂದೇ ಜಾತಿಯ ಎರಡು ಉಪಜಾತಿಗಳು. ಅಮಾಗೊವಿನ ಮೈಮೇಲೆ ಕೆಂಪು ಚುಕ್ಕೆಗಳಿರುತ್ತವೆ, ಯಮಮೆಗೆ ಇರುವುದಿಲ್ಲ. ಹಿಂದೆ ಇವೆರಡರ ಹೊಳೆಗಳೇ ಬೇರೆಯಾಗಿದ್ದವು. ಸಾಕಿದ ಮರಿಗಳನ್ನು ಎಲ್ಲೆಂದರಲ್ಲಿ ಬಿಟ್ಟದ್ದರಿಂದ ಆ ಗಡಿ ಕಲಸಿಹೋಗಿದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಾವೇರಿ. ನೀಲಿ ರೆಕ್ಕೆಯ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಮರಿಗಳನ್ನು ದಶಕಗಳ ಕಾಲ ತಂದು ಬಿಟ್ಟೆವು. ಕಾವೇರಿ ಕಣಿವೆಯ ಸ್ವಂತದ್ದಾದ ಡುಬ್ಬದ ಮಹಶೀರ್ ಕ್ಷೀಣಿಸುತ್ತಾ ಹೋಯಿತು. ಅದು ಟೋರ್ ರೆಮಾದೇವಿ ಎಂಬ ಜಾತಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಇದು ನನಗೆ ಇಂದಿಗೂ ಸಂಕಟದ ವಿಷಯ.

ನಮ್ಮ ತೋಟದ ಅಂಚಿನ ತೋಡಿನಲ್ಲಿ ಟ್ರೌಟ್ ಇಲ್ಲ, ಇರಬೇಕಾಗಿಯೂ ಇಲ್ಲ. ನೀಲಗಿರಿಯಲ್ಲಿರುವ ಟ್ರೌಟ್ ಕೂಡ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದದ್ದೇ. ಇಲ್ಲಿರುವುದು ಮೈಮೇಲೆ ನೀಲಿ ಪಟ್ಟೆಗಳ, ಬೆಳ್ಳಿ ಬಣ್ಣದ, ಬೆರಳುದ್ದದ ಮೀನು. ನೀರಿಗೆ ಬಿದ್ದ ಹುಳುವಿಗೆ ಅದು ಮಿಂಚಿನಂತೆ ಎಗರುತ್ತದೆ. ಸಾಮಾನ್ಯ ರೀಲ್ ಕೋಲಿನಲ್ಲಿ ಅದು ಸಿಕ್ಕಿದ್ದೇ ಗೊತ್ತಾಗುವುದಿಲ್ಲ. ಟೆಂಕರಾದಲ್ಲಿ ಅದರ ಒಂದೊಂದು ಹೊರಳಾಟವೂ ಮಣಿಕಟ್ಟಿಗೆ ತಲುಪುತ್ತದೆ. 2018ರ ಆಗಸ್ಟ್ ಭೂಕುಸಿತದಲ್ಲಿ ನಮ್ಮ ಕಡೆಯ ಗುಂಡಿಗಳು ಹೂಳು ತುಂಬಿ ಮೊಣಕಾಲುದ್ದಕ್ಕೆ ಬಂದವು. ಅಂಥ ತೆಳುನೀರಿನಲ್ಲಿ ಎಳೆಯನ್ನು ನೀರಿಗೆ ತಾಗಿಸದೆ ಕೊಕ್ಕೆಯನ್ನಷ್ಟೇ ಇಳಿಸಲು ಸಾಧ್ಯವಾಗುವುದು ಈ ಕೋಲಿನ ನಿಜವಾದ ಗುಣ. ತಲೆಯ ಮೇಲೆ ವಾಟೆ ಬಾಗಿರುವ ಕಡೆ ಬೀಸುವುದನ್ನು ಬಿಟ್ಟು, ಕೊಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆಳೆದು, ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಡಿ. ನೇರ ಹೋಗಿ ಬೀಳುತ್ತದೆ.

“ಅತ್ತೆ, ಇದಕ್ಕೆ ದೊಡ್ಡ ಮೀನು ಬಿದ್ದರೆ?” ಎಂದು ಅಣ್ಣನ ಮಗ ಕೇಳಿದ. ಎಳೆ ತುಂಡಾಗಬೇಕು, ಕೋಲು ಉಳಿಯಬೇಕು. ಅದಕ್ಕಾಗಿಯೇ ಕೊಕ್ಕೆ ಕಟ್ಟುವ ಕೊನೆಯ ನೈಲಾನ್ ಎಳೆ ಸುಮಾರು ಎರಡು ಕಿಲೋ ಎಳೆತಕ್ಕೆ ತುಂಡಾಗುವಂಥದ್ದಿರಲಿ, ಅದಕ್ಕಿಂತ ಗಟ್ಟಿಯದು ಬೇಡ. ಇದನ್ನು ಹಿಡಿದು ಕಾವೇರಿಯ ದೊಡ್ಡ ಮಡುಗಳಿಗೆ ಹೋಗಲೂ ಬೇಡಿ. ಕೋಲು ಮುರಿಯುವುದು ಒಂದು ಕಡೆ, ತುಂಡಾದ ಎಳೆ ಬಾಯಲ್ಲಿ ಉಳಿದ ಮಹಶೀರಿನ ಪಾಡು ಇನ್ನೊಂದು ಕಡೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳ ಹೊಳೆಗಳು, ದೇವರ ಮೀನುಗಳಿರುವ ಗುಂಡಿಗಳು ಯಾವ ಗಾಳಕ್ಕೂ ಸಲ್ಲವು. ತೋಟದ ತೋಡಿನಲ್ಲೂ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಹೆಚ್ಚು ಗಾಯವಾಗದೆ ನೀರಿಗೆ ಮರಳುತ್ತದೆ.

ಕೊರತೆ ಇದೆ. ನಮ್ಮ ಮಳೆಗಾಲದ ತೇವಕ್ಕೆ ಕೋಲಿನ ತುಂಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮನೆಗೆ ಬಂದ ಕೂಡಲೇ ಬುಡದ ಮುಚ್ಚಳ ತಿರುಗಿಸಿ, ಎಲ್ಲವನ್ನೂ ಬಿಡಿಸಿ, ಒರೆಸಿ, ನೆರಳಲ್ಲಿ ಒಣಗಿಸಲೇಬೇಕು. ಬಿಚ್ಚುವಾಗ ತುದಿಯಿಂದ, ಮಡಚುವಾಗ ಬುಡದಿಂದ; ಈ ಕ್ರಮ ತಪ್ಪಿದರೆ ಸಪೂರ ತುದಿ ಲಟಕ್ಕೆಂದು ಹೋಗುತ್ತದೆ. ಜೊತೆಗೆ ಕೊಟ್ಟ ಬಟ್ಟೆಯ ಚೀಲ ಬೂಷ್ಟು ಹಿಡಿಯಿತು, ಪಿವಿಸಿ ಪೈಪಿನ ತುಂಡೇ ವಾಸಿ. ಗರಿಯ ಕೊಕ್ಕೆಗೆ ಮಾತ್ರ ಹಣ ಸುರಿಯಬೇಡಿ: ಮನೆಯ ಹುಂಜದ ಕುತ್ತಿಗೆಯ ಗರಿ, ಕಪ್ಪು ಹೊಲಿಗೆ ದಾರ, ಚಿಕ್ಕ ಕೊಕ್ಕೆ ಇದ್ದರೆ ಸಂಜೆಯ ಕಾಫಿ ಮುಗಿಯುವುದರೊಳಗೆ ಒಂದು ಕಟ್ಟಬಹುದು.

ಬೆಲೆ ಕಡಿಮೆಯೇನಲ್ಲ, ಹೊರದೇಶದಿಂದ ತರಿಸಿದರೆ ಸುಂಕವೂ ಸೇರುತ್ತದೆ. ಮೊದಲು ಮುರಿಯುವುದು ತುದಿಯ ಮೂರು ತುಂಡುಗಳು. ಅವು ಬಿಡಿಯಾಗಿ ಸಿಗುತ್ತವೆಯೇ ಎಂದು ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಹಣ ಕಟ್ಟಿ.