‘ಹೆಂಗಸರಿಗಾಗಿಯೇ ಮಾಡಿದ’ ಬಿದಿರಿನ ಸೈಕಲ್ ಚಡ್ಡಿ: ದಯವಿಟ್ಟು ಹಣ ಹಾಕಬೇಡಿ

ಸೈಕಲ್ ತುಳಿಯುವ ಹೆಂಗಸರೆಲ್ಲ ಇದನ್ನು ಪೂರ್ತಿ ಓದಿ. ಮೊಬೈಲ್‌ನಲ್ಲಿ ಈಗ ಒಂದು ಜಾಹೀರಾತು ಜೋರಾಗಿ ಓಡುತ್ತಿದೆ. ಕಾಡುದಾರಿ, ಮಂಜು, ಮೌಂಟೇನ್ ಬೈಕ್ ಮೇಲೆ ನಗುತ್ತಿರುವ ಒಬ್ಬಳು ಹುಡುಗಿ. ‘ಹೆಂಗಸರು ಹೆಂಗಸರಿಗಾಗಿಯೇ ಮಾಡಿದ ಉಡುಪು. ಶೇ. 100 ಬಿದಿರಿನ ನೂಲು. ಪ್ಲಾಸ್ಟಿಕ್ ಇಲ್ಲವೇ ಇಲ್ಲ.’ ಚಡ್ಡಿಗೆ 3,499 ರೂಪಾಯಿ, ಜೆರ್ಸಿಗೆ 2,299. ಎರಡನ್ನೂ ತರಿಸಿಕೊಂಡೆ. ಅದು ಹೆಂಗಸರ ಚಡ್ಡಿಯೂ ಅಲ್ಲ, ಬಿದಿರೂ ಅಲ್ಲ. ಹಣ ಇನ್ನೂ ವಾಪಸ್ ಬಂದಿಲ್ಲ.

ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಹೇಗೂ ಇದೇ ಮಾತು ಹೇಳಿ ಮಾರುವವರು ಒಬ್ಬರಲ್ಲ.

ನಮ್ಮ ಕಾಸರಗೋಡಿನ ಕಡೆ ಹೆಂಗಸರಿಗೆ ಸೈಕಲ್ ಉಡುಪು ಸಿಗುವುದು ಎಷ್ಟು ಕಷ್ಟ ಅಂತ ತುಳಿಯುವವರಿಗೆ ಗೊತ್ತೇ ಇದೆ. ಅಂಗಡಿಗೆ ಹೋದರೆ ಗಂಡಸರ ಸ್ಮಾಲ್ ಸೈಜ್ ತೆಗೆದು ಮುಂದಿಡುತ್ತಾರೆ. ‘ಇದೇ ಆಗ್ತದೆ ಅಕ್ಕ, ಎಲ್ಲರೂ ಇದನ್ನೇ ಹಾಕುವುದು’ ಅಂತಾರೆ. ಹಾಗಾಗಿ ಆನ್‌ಲೈನ್ ಬಿಟ್ಟರೆ ಬೇರೆ ದಾರಿ ಇಲ್ಲ. ಅಲ್ಲಿ ಹಾಕಿ ನೋಡುವ ಹಾಗಿಲ್ಲ, ಮುಟ್ಟಿ ನೋಡುವ ಹಾಗಿಲ್ಲ. ಚಿತ್ರ ನೋಡಿ, ಬರೆದದ್ದು ಓದಿ, ನಂಬಿ ಹಣ ಕಟ್ಟಬೇಕು. ಅವರು ಬದುಕುವುದು ಆ ನಂಬಿಕೆಯ ಮೇಲೆಯೇ.

ಪಾರ್ಸೆಲ್ ಚೆಂದ ಬಂತು. ಕಂದು ಕಾಗದ, ಸೆಣಬಿನ ದಾರ, ಒಳಗೆ ಒಂದು ಬೀಜದ ಕಾಗದ, ‘ಇದನ್ನು ನೆಡಿ’ ಅಂತ. ಬಟ್ಟೆ ಮುಟ್ಟಲು ಮೆತ್ತಗಿತ್ತು. ಆ ಭಾನುವಾರ ನಾವು ಕೆಲವರು ಹೆಂಗಸರು ಸೇರಿ ಬಂದ್ಯೋಡಿನಿಂದ ಧರ್ಮತಡ್ಕ ದಾರಿಯಾಗಿ ಪೊಸಡಿ ಗುಂಪೆ ಬೆಟ್ಟಕ್ಕೆ ಹೊರಟೆವು. ಪೊಸಡಿ ಗುಂಪೆ ಸಮುದ್ರ ಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಆ ಏರು, ಆ ಮುರಕಲ್ಲಿನ ತರಿ, ನಮ್ಮ ಕರಾವಳಿಯ ಬೆವರು, ಈ ಮೂರೂ ಸೇರಿದರೆ ಉಡುಪಿನ ಯೋಗ್ಯತೆ ಗೊತ್ತಾಗಿಬಿಡುತ್ತದೆ.

ಏರು ಶುರುವಾಗಿ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಹೇಳಲು ಸಂಕೋಚ ಆಗುತ್ತದೆ, ಆದರೂ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಸೈಕಲ್ ಚಡ್ಡಿಯ ಒಳಗೆ ಕೂರುವ ಜಾಗಕ್ಕೆ ಒಂದು ಮೆತ್ತೆ ಹೊಲಿದಿರುತ್ತಾರೆ, ಅದೇ ಪ್ಯಾಡ್. ಆ ಪ್ಯಾಡಿನ ನಟ್ಟನಡುವೆ, ಮುಂದಿನಿಂದ ಹಿಂದಿನವರೆಗೆ, ಒಂದು ದಪ್ಪ ಹೊಲಿಗೆ ಇತ್ತು. ಸೀಟಿನ ಮೇಲೆ ಕೂತಾಗ ನಮ್ಮ ಭಾರ ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲೇ. ಪ್ಯಾಡ್ ಮುಂದೆ ಉದ್ದ, ಹಿಂದೆ ಕಿರಿದು. ಹೆಂಗಸರ ಕೂರುವ ಎಲುಬುಗಳ ನಡುವೆ ಸಾಮಾನ್ಯವಾಗಿ ಗಂಡಸರಿಗಿಂತ ಅಂತರ ಜಾಸ್ತಿ. ಅದಕ್ಕೇ ಹೆಂಗಸರ ಪ್ಯಾಡ್ ಹಿಂದೆ ಅಗಲ ಇರಬೇಕು, ಮುಂದೆ ಗಿಡ್ಡ ಇರಬೇಕು, ನಡುವೆ ಹೊಲಿಗೆ ಇರಬಾರದು. ಇಲ್ಲಿ ಎಲ್ಲವೂ ತಿರುಗಾಮುರುಗಾ. ಮೇಲಿಂದ ಆ ಪ್ಯಾಡ್ ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯಿತು. ಎಲುಬಿನ ಕೆಳಗೆ ಚಪ್ಪಟೆಯಾದದ್ದು ಮತ್ತೆ ಉಬ್ಬಲೇ ಇಲ್ಲ.

ಜೆರ್ಸಿಯದ್ದು ಬೇರೆ ಕಥೆ. ಹ್ಯಾಂಡಲ್ ಕಡೆ ಬಾಗಿದಾಗ ಬೆನ್ನು ಮುಚ್ಚಬೇಕು ಅಂತ ಸೈಕಲ್ ಜೆರ್ಸಿಯ ಹಿಂಭಾಗ ಉದ್ದ ಇಡುತ್ತಾರೆ. ಇದು ಮೇಲೇರಿ ಸೊಂಟ ಪೂರ್ತಿ ಕಾಣುತ್ತಿತ್ತು. ರಸ್ತೆ ಬದಿಯಲ್ಲಿ ನಿಂತವರ ನೋಟ ಎಂತ ಅಂತ ನಿಮಗೆ ಗೊತ್ತು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಜೆರ್ಸಿ ಎಳೆಯುವುದು. ಇಳಿಜಾರಿನ ಕಲ್ಲುದಾರಿಯಲ್ಲಿ ಹೀಗೆ ಮಾಡಿದರೆ ಬಿದ್ದು ಕೈ ಮುರಿಯುತ್ತದೆ.

ಗುಂಪೆಯ ಮೇಲೆ ಹೋದರೆ ಪಡುವಣಕ್ಕೆ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು. ಬೇರೆಯವರೆಲ್ಲ ಫೋಟೋ ತೆಗೆಯುತ್ತಿದ್ದರು. ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ತೊಡೆಯ ಸಂದಿಯಲ್ಲಿ ಚರ್ಮ ಎದ್ದುಹೋಗಿತ್ತು. ವಾಪಸ್ ಬರುವಾಗ ಸೈಕಲ್ಲನ್ನು ಜೀಪಿಗೆ ಹಾಕಿ ಬಂದೆ. ಜತೆಯವರಿಗೆ ‘ಹೊಟ್ಟೆನೋವು’ ಅಂದೆ. ನಿಜ ಹೇಳಲು ಬಾಯಿ ಬರಲಿಲ್ಲ.

ಈಗ ಅವರ ಉತ್ತರಗಳನ್ನು ನೋಡಿ. ಎಲ್ಲ ಮೆಸೇಜ್ ಇಟ್ಟುಕೊಂಡಿದ್ದೇನೆ.

ಮೊದಲ ಉತ್ತರ: ‘ನೀವು ಸೈಜ್ ತಪ್ಪು ತೆಗೆದುಕೊಂಡಿದ್ದೀರಿ ಮ್ಯಾಡಂ.’ ಅವರದೇ ಪಟ್ಟಿಯ ಪ್ರಕಾರ ಸೊಂಟ, ಹಿಂಭಾಗ ಎರಡನ್ನೂ ಟೇಪಿನಲ್ಲಿ ಅಳೆದು ಆರ್ಡರ್ ಮಾಡಿದ್ದು. ಅಳತೆಯನ್ನೂ ಕಳಿಸಿದೆ. ಅದಕ್ಕೆ ಉತ್ತರ ಇಲ್ಲ.

ಎರಡನೆಯದು: ‘ಹೊಸದಾಗಿ ಸೈಕಲ್ ತುಳಿಯುವವರಿಗೆ ಹೀಗಾಗುತ್ತದೆ. ಮೈ ಒಗ್ಗಬೇಕು.’ ನಾನು ಹೊಸದಾಗಿ ತುಳಿಯುತ್ತಿದ್ದೇನೆ ಅಂತ ಇವರಿಗೆ ಹೇಳಿದ್ದು ಯಾರು?

ಆಮೇಲೆ ಕೇಳಿದರು, ‘ಗಾಯ ಎಲ್ಲಿ ಆಗಿದೆ? ಫೋಟೋ ಕಳಿಸಿ, ಪರಿಶೀಲಿಸುತ್ತೇವೆ.’

ಇದನ್ನು ಓದಿ ಕೈ ನಡುಗಿತು. ಗಾಯ ಎಲ್ಲಿದೆ ಅಂತ ನಾನು ಬರೆದಿದ್ದೆ. ಓದಿದ ಮೇಲೂ ಫೋಟೋ ಕಳಿಸಿ ಅಂತಾರೆ. ಫೋನ್ ಮಾಡಿದರೆ ಆ ಕಡೆ ಒಬ್ಬ ಗಂಡಸು, ‘ಹೆಂಗಸರು ಹೆಂಗಸರಿಗಾಗಿಯೇ’ ನಡೆಸುವ ಅಂಗಡಿಯಲ್ಲಿ. ‘ಹೆಂಗಸರ ಹತ್ತಿರ ಮಾತಾಡಬೇಕು’ ಅಂದೆ. ‘ಟೀಮಿಗೆ ತಿಳಿಸುತ್ತೇನೆ’ ಅಂದ. ಆ ಟೀಮು ಇವತ್ತಿನವರೆಗೆ ಫೋನ್ ಮಾಡಿಲ್ಲ. ಇವಳು ನಾಚಿಕೊಂಡು ಸುಮ್ನೆ ಆಗುತ್ತಾಳೆ ಅಂತ ಅವರಿಗೆ ಗೊತ್ತು. ಅವರ ವ್ಯಾಪಾರದ ಲೆಕ್ಕ ಅದೇ. ನಮ್ಮ ನಾಚಿಕೆಯ ಮೇಲೆ ಲೆಕ್ಕ ಹಾಕಿದ್ದಾರೆ. ಎಷ್ಟು ಜನ ಹೆಂಗಸರು ಆ ಮೆಸೇಜ್ ನೋಡಿ ಫೋನ್ ಬದಿಗಿಟ್ಟಿರಬಹುದು!

ವಾಪಸ್ ತೆಗೆದುಕೊಳ್ಳಿ ಅಂದರೆ ‘ಬಳಸಿದ ಬಟ್ಟೆ, ತೆಗೆದುಕೊಳ್ಳುವುದಿಲ್ಲ’. ಬಳಸದೆ ಗೊತ್ತಾಗುವುದು ಹೇಗೆ? ಜೆರ್ಸಿಯನ್ನಾದರೂ ತೆಗೆದುಕೊಳ್ಳಿ ಅಂದರೆ ‘ನಿಮ್ಮ ಪಿನ್‌ಕೋಡಿನಿಂದ ವಾಪಸ್ ಪಿಕಪ್ ಇಲ್ಲ. ಸ್ವಂತ ಖರ್ಚಿನಲ್ಲಿ ಕಳಿಸಿ’. ಕೊಡುವಾಗ ಇದೇ ಪಿನ್‌ಕೋಡಿಗೆ ಮನೆ ಬಾಗಿಲಿನವರೆಗೆ ತಂದುಕೊಟ್ಟಿದ್ದಾರೆ. ಗಡಿಯ ಜನ ನಾವು, ಇದನ್ನು ಎಲ್ಲ ಕಡೆ ಕೇಳಿ ಕೇಳಿ ಸಾಕಾಗಿದೆ.

ಇಷ್ಟಾದರೂ ಬಟ್ಟೆ ಬಿದಿರಿನದು ಅಂತಲೇ ನಂಬಿದ್ದೆ. ಅಳತೆ ಸರಿ ಇಲ್ಲ, ಆದರೆ ಸಾಮಾನು ಒಳ್ಳೆಯದು ಅಂತ. ಅದೂ ಹೋಯಿತು.

ಚಡ್ಡಿಯನ್ನು ಒಗೆದು ಹಿಂಡುವಾಗ ಒಳಗಿನ ಬದಿಯ ಹೊಲಿಗೆಗೆ ಹಚ್ಚಿದ್ದ ಅವರ ಹಸಿರು ಲೇಬಲ್, ಅದೇ ಎಲೆಯ ಚಿತ್ರ ಇರುವ ಲೇಬಲ್, ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತು. ಅಡಿಯಲ್ಲಿ ಇನ್ನೊಂದು ಲೇಬಲ್ ಕಂಡಿತು. ಬಿಳಿ, ಸಣ್ಣದು, ಅರ್ಧ ಕತ್ತರಿಸಿದ್ದು. ಕತ್ತರಿ ಸರಿಯಾಗಿ ತಾಗಿರಲಿಲ್ಲ. ಓದಿದೆ. ಪಾಲಿಯೆಸ್ಟರ್ ಶೇ. 88, ಸ್ಪ್ಯಾಂಡೆಕ್ಸ್ ಅಂದರೆ ಹಿಗ್ಗುವ ನೂಲು ಶೇ. 12. ಎರಡೂ ಪ್ಲಾಸ್ಟಿಕ್ಕೇ. ಅದರ ಕೆಳಗೆ ‘ಮೆನ್ಸ್’, ಸೈಜ್ ಎಂ.

ಮೆನ್ಸ್!

ಅಂದರೆ ಎಲ್ಲಿಂದಲೋ ಗಂಡಸರ ಚಡ್ಡಿ ತಂದು, ಲೇಬಲ್ ಕತ್ತರಿಸಿ, ಮೇಲೆ ಎಲೆಯ ಚಿತ್ರ ಹೊಲಿದು, ಹೆಂಗಸರಿಗೆ 3,499ಕ್ಕೆ ಮಾರಿದ್ದಾರೆ. ಆ ಲೇಬಲ್ ಹಿಡಿದುಕೊಂಡು ಒಗೆಯುವ ಕಲ್ಲಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಂಗಡಿಯವ ‘ಗಂಡಸರದ್ದೇ ಆಗ್ತದೆ ಅಕ್ಕ’ ಅಂದಾಗ ಬೇಡ ಅಂತ ಎದ್ದು ಬಂದವಳು ನಾನು. ಅದನ್ನೇ ಇವರು ನನ್ನ ಕೈಗೆ ಇಟ್ಟಿದ್ದಾರೆ. ಅಂಗಡಿಯವನಾದರೂ ನಿಜ ಹೇಳಿದ್ದ.

ಅನುಮಾನ ಬೇಡ ಅಂತ ಜೆರ್ಸಿಯ ಒಳಗಿನಿಂದ ಒಂದು ಎಳೆ ಎಳೆದು, ಚಿಮುಟದಲ್ಲಿ ಹಿಡಿದು ದೀಪಕ್ಕೆ ಹಿಡಿದೆ. ಬಿದಿರಿನದ್ದಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಆಗಬೇಕಿತ್ತು. ಇದು ಮುದುಡಿತು, ಕರಗಿತು, ತುದಿಯಲ್ಲಿ ಕಪ್ಪು ಗುಂಡು ಕಟ್ಟಿತು. ಉಗುರಿನಲ್ಲಿ ಒತ್ತಿದರೆ ಗಟ್ಟಿ. ಪ್ಲಾಸ್ಟಿಕ್.

ಲೇಬಲಿನ ಫೋಟೋ ಕಳಿಸಿದೆ. ಬಂದ ಉತ್ತರ: ‘ಪ್ರಕೃತಿಯ ಬಗ್ಗೆ ಕಾಳಜಿ ಇರುವ ನಮ್ಮ ಗ್ರಾಹಕರು ಸಣ್ಣಪುಟ್ಟ ವಿಷಯಗಳನ್ನು ದೊಡ್ಡದು ಮಾಡುವುದಿಲ್ಲ. ನಿಮಗಾಗಿ ಶೇ. 20 ರಿಯಾಯಿತಿಯ ಕೂಪನ್.’

ಕೂಪನ್!

ನಿಜವಾಗಿ ಬಿದಿರಿನದ್ದೇ ಬಂದಿದ್ದರೂ ಅದರಲ್ಲಿ ಹೆಚ್ಚುಗಾರಿಕೆ ಇಲ್ಲ ಅಂತ ಆಮೇಲೆ ತಿಳಿಯಿತು. ಬಿದಿರಿನ ಬಟ್ಟೆ ಅಂತ ಮಾರುವುದು ಹೆಚ್ಚಾಗಿ ವಿಸ್ಕೋಸ್. ಬಿದಿರನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ನೂಲು ತೆಗೆಯುತ್ತಾರೆ. ಆ ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯಲ್ಲಿ ದುಡಿಯುವವರ ನರಗಳಿಗೆ ವಿಷ. ವಿಸ್ಕೋಸನ್ನು ಬಿದಿರು ಅಂತ ಮಾರಿದ ಪ್ರಕರಣದಲ್ಲಿ ಅಮೆರಿಕದ ಎರಡು ದೊಡ್ಡ ಅಂಗಡಿ ಸರಣಿಗಳು 2022ರಲ್ಲಿ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ನಮ್ಮಲ್ಲೂ 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಸುಳ್ಳು ‘ಹಸಿರು’ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಪರಿಸರಸ್ನೇಹಿ ಅಂತ ಬರೆದರೆ ಅದಕ್ಕೆ ಆಧಾರ ತೋರಿಸಬೇಕು. ಎಲೆಯ ಚಿತ್ರ ಆಧಾರ ಅಲ್ಲ.

ಇನ್ನು ತೆಗೆದುಕೊಳ್ಳುವವರಿಗೆ. ‘ಸೈಕಲ್ ಚಡ್ಡಿ, ಪ್ಲಾಸ್ಟಿಕ್ ಇಲ್ಲವೇ ಇಲ್ಲ’ ಅಂದರೆ ಅಲ್ಲೇ ನಿಲ್ಲಿ. ಹಿಗ್ಗುವ ಬಟ್ಟೆಗೆ ಸ್ಪ್ಯಾಂಡೆಕ್ಸ್ ಬೇಕು, ಪ್ಯಾಡಿಗೆ ಫೋಮ್ ಬೇಕು, ಮುಳ್ಳು ಕಲ್ಲು ತಡೆಯಲು ನೈಲಾನ್ ಒಳ್ಳೆಯದು, ಇವೆಲ್ಲ ಪ್ಲಾಸ್ಟಿಕ್ಕೇ. ಪ್ರಾಮಾಣಿಕರು ಅದನ್ನು ಬರೆದೇ ಮಾರುತ್ತಾರೆ. ಮರುಬಳಕೆಯ ನೂಲು ಅಂದರೆ ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್) ಪ್ರಮಾಣಪತ್ರದ ನಂಬರ್ ಕೇಳಿ. ಸಾವಯವ ಹತ್ತಿ ಅಂದರೆ ಗಾಟ್ಸ್ (ಜಿಒಟಿಎಸ್, ಸಾವಯವ ಬಟ್ಟೆಗೆ ಕೊಡುವ ಪ್ರಮಾಣಪತ್ರ) ಗುರುತು ಕೇಳಿ. ಗಾಟ್ಸ್ ಗುರುತು ಸಿಗಬೇಕಾದರೆ ಕನಿಷ್ಠ ಶೇ. 70 ಸಾವಯವ ನೂಲು ಇರಬೇಕು. ಓಯೆಕೋ-ಟೆಕ್ಸ್ 100 ತೋರಿಸಿದರೆ ಅದು ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯಾ ಅಂತ ನೋಡಿದ್ದು ಮಾತ್ರ, ಪರಿಸರದ ಸರ್ಟಿಫಿಕೇಟ್ ಅಲ್ಲ. ಬರೀ ಹತ್ತಿಯ ಜೆರ್ಸಿ ನಮ್ಮ ಸೆಕೆಗೆ ಬೇಡ, ಬೆವರು ಹಿಡಿದುಕೊಂಡು ಮೈ ಉಜ್ಜುತ್ತದೆ. ಪ್ಯಾಡಿನ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬಾರದು, ಅದರ ಅಂಚಿನ ಹೊಲಿಗೆಯೇ ಗಾಯ ಮಾಡುತ್ತದೆ. ತೆಗೆದುಕೊಳ್ಳುವ ಮೊದಲು ಚಡ್ಡಿಯನ್ನು ಒಳಗಿನಿಂದ ಮಗುಚಿ ತೆಗೆದ ಫೋಟೋ ಕೇಳಿ. ಪ್ಯಾಡಿನ ನಡುವೆ ಹೊಲಿಗೆ ಇದೆಯಾ, ಲೇಬಲಿನಲ್ಲಿ ಏನು ಬರೆದಿದೆ, ಎರಡೂ ಕಾಣಬೇಕು. ಕಳಿಸುವುದಿಲ್ಲ ಅಂದರೆ ಅವರ ಹತ್ತಿರ ತೆಗೆದುಕೊಳ್ಳಬೇಡಿ. ನಮ್ಮ ಗಾಯದ ಫೋಟೋ ಕೇಳುವವರಿಗೆ ತಮ್ಮ ಚಡ್ಡಿಯ ಫೋಟೋ ಕೊಡಲು ಎಂತ ಕಷ್ಟ?

ಒಂದು ಗಟ್ಟಿ ಚಡ್ಡಿ ನಾಲ್ಕು ಮಳೆಗಾಲ ಬಂದರೆ ಅದಕ್ಕಿಂತ ದೊಡ್ಡ ಪರಿಸರ ಕಾಳಜಿ ಇಲ್ಲ ಅಂತ ನನ್ನ ಅಭಿಪ್ರಾಯ. ಕಾಸರಗೋಡು ಸೀರೆಯ ಊರು ನಮ್ಮದು. ಒಳ್ಳೆಯ ನೇಯ್ಗೆ ಎಷ್ಟು ವರ್ಷ ಬಾಳುತ್ತದೆ ಅಂತ ನಮ್ಮ ಅಜ್ಜಿಯರ ಪೆಟ್ಟಿಗೆ ತೆರೆದರೆ ಗೊತ್ತಾಗುತ್ತದೆ. ನಮಗೆ ಬಟ್ಟೆಯ ಬಗ್ಗೆ ಪಾಠ ಹೇಳಲು ಬಂದವರು ಇವರು.

ದೂರಿನ ವಿಷಯ. ಬಂದ ಸಾಮಾನು ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಹೇಳುವ ಹಾಗಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ದೂರು ಬಂದ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಾನು 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಹಣ ಬಾರದಿದ್ದರೆ ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಅವರ ಊರಿಗೆ ಅಲೆಯಬೇಕಾಗಿಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಸಹಾಯವಾಣಿಯಿಂದ ದೂರು ಹೋದ ಮೇಲೆ ಅಂಗಡಿಯವರ ದನಿ ಬದಲಾಗಿದೆ. ಈಗ ಅರ್ಧ ಹಣ ಕೊಡುತ್ತಾರಂತೆ, ಆದರೆ ಎಲ್ಲೂ ಬರೆಯಬಾರದಂತೆ, ಲೇಬಲನ್ನು ಅವರಿಗೆ ಕಳಿಸಬೇಕಂತೆ. ಲೇಬಲ್ ಯಾಕೆ ಬೇಕು ಅಂತ ನಿಮಗೂ ಅರ್ಥ ಆಗುತ್ತದೆ ಅಲ್ವಾ? ಕೊಡುವುದಿಲ್ಲ ಅಂತ ಬರೆದು ಕಳಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಎಲೆಯ ಲೇಬಲಿನ ಚಡ್ಡಿ ತೆಗೆದುಕೊಂಡಿದ್ದರೆ ಇವತ್ತೇ ಆ ಹೊಲಿಗೆ ಬಿಚ್ಚಿ ಅಡಿಯಲ್ಲಿ ಏನಿದೆ ನೋಡಿ, ಫೋಟೋ ತೆಗೆದಿಡಿ, ನಿಮ್ಮ ಹೆಸರಿನಲ್ಲೂ ಒಂದು ದೂರು ಕೊಡಿ.