ಐಲ್ ಆಫ್ ವೈಟ್‌ನಲ್ಲಿ ರೆನೋ 5: 40 ಯೂನಿಟ್ ಬ್ಯಾಟರಿಯೋ, 52 ಯೂನಿಟ್ ಬ್ಯಾಟರಿಯೋ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಎದುರಿಗಿರುವ ಐಲ್ ಆಫ್ ವೈಟ್ ದ್ವೀಪವು ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 37 ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ ಸುಮಾರು 21 ಕಿಲೋಮೀಟರ್ ಇದೆ. ಇಲ್ಲಿಗೆ ಸೇತುವೆಯಾಗಲಿ ಸುರಂಗವಾಗಲಿ ಇಲ್ಲ. ಕಾರು ಬರಬೇಕಾದರೂ ಹೋಗಬೇಕಾದರೂ ಹಡಗನ್ನೇ ಹತ್ತಬೇಕು. ನಾವು ಶಾಂಕ್ಲಿನ್‌ನಲ್ಲಿದ್ದೇವೆ; ನನ್ನ ಕೆಲಸ ಹತ್ತು ಮೈಲಿ ದೂರದ ನ್ಯೂಪೋರ್ಟ್‌ನಲ್ಲಿ. ಮೇ ತಿಂಗಳಲ್ಲಿ ನಾನು ರೆನೋ 5 ಎಂಬ ವಿದ್ಯುತ್ ಕಾರಿನ 40 ಯೂನಿಟ್ (ಕಿಲೋವ್ಯಾಟ್-ಗಂಟೆ) ಬ್ಯಾಟರಿಯ ಮಾದರಿಯನ್ನು ಕೊಂಡೆ. ರೈಡ್ ಪಟ್ಟಣದಲ್ಲಿರುವ ಉಡುಪಿಯ ಗೆಳೆಯರೊಬ್ಬರು ಅದಕ್ಕೆ ಎರಡು ತಿಂಗಳು ಮೊದಲೇ 52 ಯೂನಿಟ್ಟಿನದನ್ನು ತೆಗೆದುಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಮೂರು ವಾರ ನಾವಿಬ್ಬರೂ ಕಾರುಗಳನ್ನು ಅದಲುಬದಲು ಮಾಡಿಕೊಂಡು ಓಡಿಸಿದೆವು. ನನ್ನ ಒಲವು ಚಿಕ್ಕ ಬ್ಯಾಟರಿಯ ಕಡೆಗೆ ಮೊದಲಿನಿಂದಲೂ ಇತ್ತು, ಈ ಮೂರು ವಾರಗಳ ನಂತರ ಅದು ಇನ್ನಷ್ಟು ಗಟ್ಟಿಯಾಗಿದೆ.

ಕಾರನ್ನು ದ್ವೀಪಕ್ಕೆ ತರುವ ಬಗೆಯಲ್ಲಿಯೂ ನಮ್ಮಿಬ್ಬರ ದಾರಿ ಬೇರೆಯಾಗಿತ್ತು. ಗೆಳೆಯರು ಮನೆಯ ಬಾಗಿಲಿಗೇ ತರಿಸಿಕೊಂಡರು. ಸಾಗಣೆಯವರು ಮಳೆಯಲ್ಲಿ ಬಂದು, ಮರಳುವ ಹಡಗಿಗೆ ಹೊತ್ತಾಯಿತೆಂದು ಹತ್ತೇ ನಿಮಿಷದಲ್ಲಿ ಸಹಿ ಹಾಕಿಸಿಕೊಂಡು ಹೋದರು. ಹಿಂದಿನ ಚಕ್ರದ ಅಂಚಿನಲ್ಲಿದ್ದ ಗೀರು ಮರುದಿನ ಬಿಸಿಲಿನಲ್ಲಷ್ಟೇ ಕಣ್ಣಿಗೆ ಬಿತ್ತು, ಆ ವೇಳೆಗೆ ಅದು ಯಾರ ತಪ್ಪೆಂದು ಹೇಳುವವರು ಉಳಿದಿರಲಿಲ್ಲ. ನಾನು ಕಾಲ್ನಡೆಯ ಪ್ರಯಾಣಿಕನಾಗಿ ಕೌಸ್‌ನಿಂದ ವೇಗದ ದೋಣಿಯಲ್ಲಿ ಸೌತಾಂಪ್ಟನ್ ತಲುಪಿ, ಹಗಲು ಬೆಳಕಿನಲ್ಲಿ ಕಾರಿನ ಸುತ್ತ ಎರಡು ಬಾರಿ ನಡೆದು ನೋಡಿ, ಈಸ್ಟ್ ಕೌಸ್‌ಗೆ ಬರುವ ಕಾರು ಹಡಗಿನಲ್ಲಿ ಅದನ್ನು ತಂದೆ. ಹಡಗಿನೊಳಗೆ ಕಾರು ನಿಲ್ಲಿಸಿದಾಗ ಯಾವ ಸದ್ದೂ ಇಲ್ಲದ್ದರಿಂದ ಅದು ಆಫ್ ಆಗಿದೆಯೇ ಎಂದು ಪರದೆಯನ್ನು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡೆ. ಸುಮಾರು ಒಂದು ಗಂಟೆಯ ಆ ಪ್ರಯಾಣ ನನಗೆ ಬಹಳ ಪ್ರಿಯವಾದ ನೆನಪು. ದ್ವೀಪದಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಸಾಧ್ಯವಾದರೆ ಹೋಗಿ ನೀವೇ ತನ್ನಿ.

ಇನ್ನು ನನ್ನ ಐದು ತಿಂಗಳನ್ನು ತಿಂದ ತೊಡಕಿನ ವಿಷಯ. ಮನೆಯ ಗೋಡೆಗೆ 7 ಕಿಲೋವ್ಯಾಟ್ ಚಾರ್ಜರ್ ಹಾಕಿಸಬೇಕೆಂದು ಕರೆಸಿದ ಎಲೆಕ್ಟ್ರಿಷಿಯನ್ ಮೀಟರ್ ಪೆಟ್ಟಿಗೆ ತೆರೆದು ಫ್ಯೂಸಿನ ಬುಡ ನೋಡುತ್ತಿದ್ದಂತೆ ತಲೆಯಾಡಿಸಿದರು. ಅಲ್ಲಿ ಒಂದರ ಬದಲು ಎರಡು ದಪ್ಪ ಕೇಬಲ್‌ಗಳಿದ್ದವು. ನಮ್ಮದು ಎರಡು ಮನೆಗಳು ಒಂದೇ ಗೋಡೆಗೆ ಅಂಟಿಕೊಂಡಿರುವ ಹಳೆಯ ಕಟ್ಟಡ. ಬೀದಿಯಿಂದ ಬರುವ ಕೇಬಲ್ ಮೊದಲು ನಮ್ಮ ಮನೆಗೆ ಬಂದು, ಅಲ್ಲಿಂದ ಪಕ್ಕದ ಮನೆಗೆ ಹೋಗುತ್ತದೆ. ಇದನ್ನು ಇಲ್ಲಿ ಲೂಪ್ ಸಪ್ಲೈ ಎನ್ನುತ್ತಾರೆ. ಒಂದೇ ಕೇಬಲ್ಲಿನಿಂದ ಎರಡು ಮನೆಯ ಒಲೆ, ಹೀಟರ್ ಎಲ್ಲವೂ ನಡೆಯುವಾಗ, ಗಂಟೆಗಟ್ಟಲೆ 32 ಆಂಪಿಯರ್ ಎಳೆಯುವ ಚಾರ್ಜರನ್ನು ಅದಕ್ಕೆ ಸೇರಿಸುವುದು ಅಪಾಯಕಾರಿ. ಆದ್ದರಿಂದ ವಿದ್ಯುತ್ ಜಾಲದ ಕಂಪನಿಯವರು ಬಂದು ಪಕ್ಕದ ಮನೆಗೆ ಪ್ರತ್ಯೇಕ ಕೇಬಲ್ ಎಳೆಯುವವರೆಗೆ ಚಾರ್ಜರ್ ಹಾಕುವಂತಿಲ್ಲ.

ಕೆಲಸಕ್ಕೆ ಹಣ ಕೊಡಬೇಕಾಗಿರಲಿಲ್ಲ, ಆದರೆ ಕಾಯಬೇಕಾಗಿತ್ತು. ಅರ್ಜಿಗೆ ಉತ್ತರ ಬರಲು ಐದು ವಾರ, ಸ್ಥಳ ನೋಡಲು ಬರುವವರಿಗಾಗಿ ಮತ್ತೆ ಆರು ವಾರ. ಬಂದವರು ಅಳೆದು ನೋಡಿ, ಅಗೆಯುವ ಸಾಲು ಪಕ್ಕದ ಮನೆಯ ಅಜ್ಜಿಯ ಗುಲಾಬಿ ಪಾತಿಯ ನಡುವೆ ಹಾದುಹೋಗುತ್ತದೆ, ಅವರ ಲಿಖಿತ ಒಪ್ಪಿಗೆ ಬೇಕು ಎಂದರು. ಎಂಬತ್ತು ದಾಟಿದ ಆ ಹಿರಿಯರು ಒಪ್ಪಿಗೆಯನ್ನು ಕೂಡಲೇ ಕೊಟ್ಟರು, ಆದರೆ ಹೂವಿನ ಕಾಲ ಮುಗಿಯುವವರೆಗೆ ಅಗೆಯಬಾರದೆಂದು ಕೇಳಿಕೊಂಡರು. ಆ ಕೋರಿಕೆಯನ್ನು ಮೀರುವ ಮನಸ್ಸು ನನಗಾಗಲಿ ನನ್ನ ಹೆಂಡತಿಗಾಗಲಿ ಬರಲಿಲ್ಲ. ಕೆಲಸ ಅಕ್ಟೋಬರಿನಲ್ಲಿ ಮುಗಿಯಿತು. ನನ್ನ ಬೇಸರವಿರುವುದು ವಿಳಂಬದ ಬಗ್ಗೆ ಅಷ್ಟಲ್ಲ. ಕಾರು ಮಾರುವವರಾಗಲಿ ಚಾರ್ಜರ್ ಮಾರುವವರಾಗಲಿ ಮೀಟರ್ ಪೆಟ್ಟಿಗೆಯನ್ನು ಮೊದಲು ತೆರೆದು ನೋಡಿ ಎಂಬ ಒಂದು ಮಾತನ್ನು ಹೇಳಿರಲಿಲ್ಲವಲ್ಲ ಎಂಬುದರ ಬಗ್ಗೆ. ಹಳೆಯ ಮನೆಯಲ್ಲಿರುವವರು ಕಾರಿನ ಬಣ್ಣ ಆರಿಸುವ ಮೊದಲು ಆ ಪೆಟ್ಟಿಗೆಯ ಒಂದು ಫೋಟೋ ತೆಗೆದು ಬಲ್ಲವರಿಗೆ ತೋರಿಸಬೇಕು.

ಅಲ್ಲಿಯವರೆಗೆ ನಮಗೆ ಗತಿಯಾದದ್ದು ಮೂರು ಪಿನ್ನಿನ ಸಾಮಾನ್ಯ ಸಾಕೆಟ್. ಎಲೆಕ್ಟ್ರಿಷಿಯನ್ ಹೊರಗೋಡೆಗೆ ಪ್ರತ್ಯೇಕ ವೈರಿಂಗ್ ಎಳೆದು ಮಳೆ ತಾಳುವ ಸಾಕೆಟ್ ಹಾಕಿಕೊಟ್ಟರು. ಎಕ್ಸ್‌ಟೆನ್ಷನ್ ವೈರನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ ಎಂದರು. ಈ ದಾರಿಯಲ್ಲಿ ಸಿಗುವುದು ಗಂಟೆಗೆ 2.3 ಯೂನಿಟ್ ಮಾತ್ರ. ಜುಲೈನಲ್ಲಿ ಮೈಸೂರಿನಿಂದ ಬಂದ ನನ್ನ ತಂದೆ ಕೆ.ಇ.ಬಿ.ಯಲ್ಲಿ ದುಡಿದು ನಿವೃತ್ತರಾದವರು. ಪೆಟ್ಟಿಗೆ ನೋಡಿದೊಡನೆ, “ಒಂದೇ ಸರ್ವೀಸಿನಲ್ಲಿ ಎರಡು ಮನೆ, ಅವರು ಹೇಳೋದು ಸರಿಯಾಗಿದೆ” ಎಂದರು. ಅಂದಿನಿಂದ ಅವರು ಇದ್ದಷ್ಟು ದಿನವೂ ರಾತ್ರಿ ಮಲಗುವ ಮುನ್ನ ಹೊರಗೆ ಹೋಗಿ, ಅಂಗೈಯನ್ನಲ್ಲ, ಬೆರಳುಗಳ ಹಿಂಬದಿಯನ್ನು ಪ್ಲಗ್ಗಿಗೆ ತಾಗಿಸಿ ಬಿಸಿ ನೋಡಿ ಬರುತ್ತಿದ್ದರು. ಬೆಚ್ಚಗಿರುತ್ತಿತ್ತು, ಸುಡುತ್ತಿರಲಿಲ್ಲ.

ಈ ನಿಧಾನದ ಸಾಕೆಟ್ಟಿನಿಂದಲೇ ಎರಡು ಬ್ಯಾಟರಿಗಳ ಹೋಲಿಕೆ ನನಗೆ ಸ್ಪಷ್ಟವಾಯಿತು. ನಮಗೆ ಅಗ್ಗದ ದರ ಸಿಗುವುದು ರಾತ್ರಿ ಆರು ಗಂಟೆ ಕಾಲ. ಅಷ್ಟರಲ್ಲಿ ಗೋಡೆಯಿಂದ ಸುಮಾರು 14 ಯೂನಿಟ್ ಬರುತ್ತದೆ, ದಾರಿಯಲ್ಲಿ ಸೋರುವುದನ್ನು ಕಳೆದರೆ ಬ್ಯಾಟರಿಗೆ 12 ದಕ್ಕುತ್ತದೆ. ಕೆಲಸಕ್ಕೆ ಹೋಗಿಬರುವ ಇಪ್ಪತ್ತು ಮೈಲಿಗೆ ನನಗೆ ಖರ್ಚಾಗುವುದು ಐದು ಅಥವಾ ಆರು ಯೂನಿಟ್. ಎಂದರೆ ಪ್ರತಿ ರಾತ್ರಿ ಖರ್ಚಿನ ಎರಡರಷ್ಟು ಒಳಗೆ ಬರುತ್ತಿತ್ತು. ಗೆಳೆಯರ 52 ಯೂನಿಟ್ಟಿನ ಕಾರನ್ನು ಇದೇ ಸಾಕೆಟ್ಟಿಗೆ ಹಚ್ಚಿ ಓಡಿಸಿದ ದಿನಗಳಲ್ಲಿ, ಒಂದು ದಿನವನ್ನು ಬಿಟ್ಟು, ಅದರ ಬ್ಯಾಟರಿ ಶೇಕಡಾ 60ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬಳಸದ ಆ ಯೂನಿಟ್ಟುಗಳ ತೂಕವನ್ನು ಗಾಡ್‌ಸ್‌ಹಿಲ್ ಏರಿನಲ್ಲಿ ಸುಮ್ಮನೆ ಹೊತ್ತು ತಿರುಗಿದಂತಾಯಿತು. ನಾನು ಕೊಳ್ಳುವಾಗ ಒಂದೇ ಬಗೆಯ ಸೌಲಭ್ಯಗಳಿರುವ ಎರಡು ಮಾದರಿಗಳ ಬೆಲೆಯಲ್ಲಿದ್ದ ಅಂತರ 2,000 ಪೌಂಡ್. ಅದರ ಅರ್ಧದಷ್ಟರಲ್ಲಿ ಹೊರಗಿನ ಸಾಕೆಟ್ಟೂ ಮುಂದೆ ಗೋಡೆಯ ಚಾರ್ಜರೂ ಆದವು.

ದೊಡ್ಡ ಬ್ಯಾಟರಿಯ ಮಾದರಿಗೆ ಮೋಟಾರಿನ ಶಕ್ತಿಯೂ ಹೆಚ್ಚು. ಇಲ್ಲಿನ ಕಿರಿದಾದ ರಸ್ತೆಗಳಲ್ಲಿ ಅದು ಅನುಭವಕ್ಕೆ ಬರಲಿಲ್ಲ. ಡಿಕ್ಕಿ, ಸೀಟು, ಪರದೆ ಎರಡರಲ್ಲೂ ಒಂದೇ.

ಓಡಿಸುವ ಸಂತೋಷದಲ್ಲಿಯೂ ನನಗೆ ವ್ಯತ್ಯಾಸ ಕಾಣಲಿಲ್ಲ, ಆದರೆ ಆ ಸಂತೋಷದ ಬಗ್ಗೆ ಹೇಳದಿರಲಾರೆ. ದ್ವೀಪದ ನೈಋತ್ಯ ಅಂಚಿನಲ್ಲಿ ಚೇಲ್‌ನಿಂದ ಫ್ರೆಶ್‌ವಾಟರ್ ಕೊಲ್ಲಿಯವರೆಗೆ ಸಮುದ್ರದ ಬದಿಯಲ್ಲೇ ಸಾಗುವ ಮಿಲಿಟರಿ ರೋಡ್ ಇದೆ. ಸಂಜೆ ಏಳರ ಬೆಳಕಿನಲ್ಲಿ ಎದುರಿಗೆ ಸುಣ್ಣಕಲ್ಲಿನ ಬಿಳಿ ಬಂಡೆಗಳು ಹೊಳೆಯುತ್ತಿರುವಾಗ, ಕಿಟಕಿ ಇಳಿಸಿ ನಿಧಾನವಾಗಿ ಹೋದರೆ ಎಂಜಿನ್ನಿನ ಸದ್ದಿಲ್ಲದ ಕಾರಿನೊಳಕ್ಕೆ ಕಾಂಪ್ಟನ್ ಕೊಲ್ಲಿಯ ಅಲೆಗಳ ಸದ್ದು ನೇರವಾಗಿ ಬರುತ್ತದೆ. ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ ಅಪ್ಪ ಮಾತು ನಿಲ್ಲಿಸಿ ಕೈಯನ್ನು ಕಿಟಕಿಯ ಹೊರಗಿಟ್ಟುಕೊಂಡು ಕುಳಿತುಬಿಟ್ಟರು. ಅಂದು ಇಡೀ ದ್ವೀಪವನ್ನು ಸುತ್ತಿ ಮನೆಗೆ ಬಂದಾಗ 40 ಯೂನಿಟ್ಟಿನ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

52 ನಿಜವಾಗಿ ಗೆದ್ದದ್ದು ಹೀಥ್ರೂ ದಾರಿಯಲ್ಲಿ. ಮನೆಯಿಂದ ಫಿಶ್‌ಬರ್ನ್, ಅಲ್ಲಿಂದ ಮುಕ್ಕಾಲು ಗಂಟೆ ಹಡಗು, ಪೋರ್ಟ್ಸ್‌ಮತ್‌ನಿಂದ ವಿಮಾನ ನಿಲ್ದಾಣ. ಹೋಗಿಬರಲು ನೂರೈವತ್ತು ಮೈಲಿಗೂ ಸ್ವಲ್ಪ ಹೆಚ್ಚು, ಅದರಲ್ಲಿ ಬಹುಪಾಲು ವೇಗದ ಹೆದ್ದಾರಿ. ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆತರುವಾಗ ನನ್ನ ಕಾರನ್ನು ಮರಳುವ ದಾರಿಯಲ್ಲಿ ಚಾರ್ಜ್ ಮಾಡಬೇಕಾಯಿತು. ಅಲ್ಲಿದ್ದ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಸರದಿಯಿತ್ತು. ಬೆಂಗಳೂರಿನಿಂದ ಹತ್ತು ಗಂಟೆಗೂ ಮಿಕ್ಕಿ ಕುಳಿತು ಬಂದ ಅಮ್ಮ ಹಿಂದಿನ ಸೀಟಿನಿಂದ, “ಇನ್ನೆಷ್ಟು ದೂರ ಇದೆಯಪ್ಪಾ?” ಎಂದು ಎರಡು ಸಲ ಕೇಳಿದರು. ಕಾಯ್ದಿರಿಸಿದ್ದ ಹಡಗು ತಪ್ಪಿ ಮುಂದಿನದಕ್ಕೆ ಕಾದೆವು. ಸೆಪ್ಟೆಂಬರಿನಲ್ಲಿ ಅವರನ್ನು ಕಳುಹಿಸಲು ಹೋದದ್ದು ಗೆಳೆಯರ ಕಾರಿನಲ್ಲಿ. ಎಲ್ಲಿಯೂ ನಿಲ್ಲದೆ ಮನೆಗೆ ಬಂದಾಗ ಸುಮಾರು ಕಾಲುಭಾಗ ಉಳಿದಿತ್ತು. ನಾನು ಮೇಲೆ ಬಿಟ್ಟುಹೇಳಿದ ಒಂದು ದಿನ ಅದೇ.

ತಿಂಗಳಿಗೆ ಎರಡು ಸಲವಾದರೂ ಹಡಗು ಹತ್ತಿ ಲಂಡನ್ ಕಡೆಗೆ ಹೋಗುವವರಿಗೆ ಆ 2,000 ಪೌಂಡ್ ದಂಡವಲ್ಲ. ಅವರು 52ನ್ನೇ ತೆಗೆದುಕೊಳ್ಳಲಿ. ನಾವು ಹೋಗುವುದು ವರ್ಷಕ್ಕೆ ಮೂರು ನಾಲ್ಕು ಬಾರಿ, ನಮ್ಮ ತಿಂಗಳ ಕಂತಿಗೂ ಒಂದು ಮಿತಿಯಿದೆ. ಆದ್ದರಿಂದ ಇನ್ನೊಮ್ಮೆ ಕೊಳ್ಳುವುದಾದರೂ ನನ್ನ ಆಯ್ಕೆ 40. ಗೆಳೆಯರೂ ನಾನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ: ನನಗೆ ಹೀಥ್ರೂ ಕೆಲಸವಿದ್ದ ವಾರ ಅವರ ಕಾರು ಶಾಂಕ್ಲಿನ್‌ನಲ್ಲಿ, ನನ್ನದು ರೈಡ್‌ನಲ್ಲಿ, ಇಬ್ಬರ ವಿಮೆಯಲ್ಲೂ ಮತ್ತೊಬ್ಬರ ಹೆಸರು ಸೇರಿಸಿದ್ದಾಗಿದೆ. ಗೋಡೆಯ ಚಾರ್ಜರ್ ಬಂದು ಈಗ ನಾಲ್ಕು ತಿಂಗಳಾಯಿತು. ಬೆಳಗ್ಗೆ ಕೀಲಿ ಹಿಡಿದು ಕಾರಿನ ಹತ್ತಿರ ಹೋದಾಗ ಬಾನೆಟ್ಟಿನ ಮೇಲಿರುವ 5ರ ಅಂಕಿ ಬೆಳಗುತ್ತದೆ, ಅದರ ಐದು ಪಟ್ಟಿಗಳಲ್ಲಿ ನಾಲ್ಕು ತುಂಬಿರುತ್ತವೆ. ಶೇಕಡಾ 80ಕ್ಕೇ ನಿಲ್ಲುವಂತೆ ಇಟ್ಟಿದ್ದೇನೆ, ಐದನೆಯ ಪಟ್ಟಿಯ ಅಗತ್ಯ ಈ ದ್ವೀಪದಲ್ಲಿ ಇನ್ನೂ ಬಿದ್ದಿಲ್ಲ.